ಕೆಂಡದ ತೆನೆಗೆ ರಂಜಕದ ಜೋಡಿ

ಪುಷ್ಯ ಮಾಸದ ಚಳಿ ಕೃಷ್ಣೆಯ ದಂಡೆಗೆ ಇಳಿಯಿತೆಂದರೆ ಮಿರಜಿನ ಮೂಡಲಿಗಿರುವ ಎರೆಹೊಲಗಳಲ್ಲಿ ಬಿಳಿಜೋಳದ ತೆನೆಗಳು ಹಾಲುಗಾಳು ದಾಟಿ ಸೀತನಿಗೆ ಬರುತ್ತವೆ. ಆಗ ನೆಂಟರಿಷ್ಟರಿಗೆ ಹೇಳಿ ಕಳುಹಿಸುವುದು, ಬದುವಿನ ಮಗ್ಗುಲಲ್ಲಿ ಕುಳಿ ತೋಡುವುದು, ಒಣಗಿದ ಕುಳ್ಳು ಒಟ್ಟಿ ಬೆಂಕಿ ಹಚ್ಚುವುದು, ಉರಿ ಅಡಗಿ ಕೆಂಡ ನಿಗಿನಿಗಿಯಾದ ಮೇಲೆ ತೆನೆಗಳನ್ನು ಅದರಲ್ಲಿಟ್ಟು ಹೊರಳಿಸುವುದು, ಸುಟ್ಟ ತೆನೆಯನ್ನು ಅಂಗೈಗಳ ನಡುವೆ ತಿಕ್ಕಿ, ಹೊಟ್ಟನ್ನು ಊದಿ, ಹಸಿರು ಕಾಳನ್ನು ಎಲ್ಲರ ಮುಂದೆ ಸುರಿಯುವುದು. ಇದು ನಮ್ಮ ಸೀಮೆಯ ಹಬ್ಬವಲ್ಲದ ಹಬ್ಬ. ನೆರೆಯ ಮರಾಠಿ ಬಂಧುಗಳು ಇದನ್ನು ಹುರಡಾ ಎನ್ನುತ್ತಾರೆ. ಸಾಂಗಲಿಯ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳೂ ಈಗ ಹಾಗೆಯೇ ಅನ್ನುತ್ತಾರೆ. ಅನ್ನಲಿ, ಕಾಳಿನ ರುಚಿ ಅದರಿಂದ ಕೆಡುವುದಿಲ್ಲ. ಆದರೆ ಸೀತನಿ ಎಂಬ ಮಾತೂ ಅವರ ಕಿವಿಯ ಮೇಲೆ ವರ್ಷಕ್ಕೊಮ್ಮೆಯಾದರೂ ಬೀಳಲೆಂದು ನಾವು ಬೇಕೆಂದೇ ಎರಡು ಸಲ ಹೇಳುತ್ತೇವೆ.

ಸೀತನಿಯ ಕಾಳು ತಾನಾಗಿಯೇ ಸಿಹಿ. ಆ ಸಿಹಿಯ ಎದುರಿಗೆ ಖಾರ, ಹುಳಿ, ಉಪ್ಪುಗಳು ಬೇಕು. ಆದುದರಿಂದ ಹೊಲಕ್ಕೆ ಹೋಗುವ ಬುತ್ತಿಯಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಗಟ್ಟಿ ಮೊಸರು, ಒಂದು ಅಚ್ಚು ಬೆಲ್ಲ, ಮತ್ತು ಇವೆಲ್ಲಕ್ಕೂ ಮಿಗಿಲಾಗಿ ಭರಣಿಯಿಂದ ತೆಗೆದ ರಂಜಕ ಇರಲೇಬೇಕು. ಹಣ್ಣಾದ ಹಸಿ ಮೆಣಸಿನಕಾಯಿಯನ್ನು ಉಪ್ಪು, ಲಿಂಬೆ, ಬೆಲ್ಲ, ಮೆಂತ್ಯಗಳೊಡನೆ ಅರೆದ ಈ ಕೆಂಪು ಮುದ್ದೆಯ ವಿಚಾರವೇ ಈ ತಿಂಗಳು ನಮ್ಮ ಅಂಕಣಕ್ಕೆ ವಸ್ತು. ಅದಕ್ಕೆ ನಿಮಿತ್ತವಾದುದು ಮಾತ್ರ ಪರದೇಶದ ಒಂದು ಸೀಸೆ.

ಮೂರು ಚಳಿಗಾಲಗಳ ಹಿಂದಿನ ಮಾತು. ಬೇಡಗದ ಹಾದಿಯ ಹೊಲದಲ್ಲಿ ನಮ್ಮ ಬಳಗವೆಲ್ಲ ಕೆಂಡದ ಸುತ್ತ ಕುಳಿತಿತ್ತು. ಅಮೆರಿಕೆಯಲ್ಲಿ ನೆಲೆಸಿರುವ ಬಂಧುಗಳ ಮಗನೊಬ್ಬನು ಬಂದವನು, ಸುಟ್ಟ ತಿನಿಸಿಗೆ ಅಲ್ಲಿ ಇದನ್ನೇ ಹಚ್ಚುವುದೆಂದು ಹೇಳಿ ಕಂದುಬಣ್ಣದ ಸಾಸಿನ ಸೀಸೆಯೊಂದನ್ನು ಚೀಲದಿಂದ ತೆಗೆದನು. ಬಾರ್ಬೆಕ್ಯೂ ಸಾಸ್, ಸಂಪೂರ್ಣ ನೈಸರ್ಗಿಕ ಎಂದು ಚೀಟಿಯ ಮೇಲೆ ಬರೆದಿತ್ತು. ಎಲ್ಲರೂ ಬೆರಳು ಅದ್ದಿದರು. ಎಂಬತ್ತು ದಾಟಿದ ನಮ್ಮ ದೊಡ್ಡವ್ವನವರ ಕೈಗೂ ಒಂದು ತೊಟ್ಟು ಬಿತ್ತು. ಅವರು ಕಣ್ಣು ಮುಚ್ಚಿ ನಾಲಿಗೆಯ ಮೇಲೆ ಹೊರಳಿಸಿ, ಕೊನೆಗೆ ತೀರ್ಪು ಕೊಟ್ಟರು: “ಬೆಲ್ಲ ಐತಿ, ಹುಳಿ ಐತಿ, ಹೊಗಿ ವಾಸನಿ ಐತಿ. ಮಾಡಿದಾಕಿ ಶಾಣ್ಯಾಕಿ ಇದ್ದಾಳ. ಆದರ ಖಾರ ಹಾಕೂದು ಮರತಾಳ ನೋಡಪಾ.”

ಹುಡುಗನು ನಕ್ಕು, ತಾನು ನಮ್ಮ ರಂಜಕವನ್ನು ಅಷ್ಟೇ ಧಾರಾಳವಾಗಿ ಬಾಯಿಗಿಟ್ಟನು. ಮುಂದಿನದನ್ನು ಬೇರೆ ಹೇಳಬೇಕಾಗಿಲ್ಲ. ಅವನು ತಂಬಿಗೆಗೆ ಕೈಹಾಕಿದಾಗ ದೊಡ್ಡವ್ವನವರು ತಡೆದು ಮೊಸರಿನ ಗಡಿಗೆಯನ್ನು ಮುಂದೆ ಸರಿಸಿದರು. ಮೆಣಸಿನಕಾಯಿಯ ಉರಿಗೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ವಸ್ತು ನೀರಿನಲ್ಲಿ ಬಹುಮಟ್ಟಿಗೆ ಕರಗದು, ಜಿಡ್ಡಿನಲ್ಲಿ ಕರಗುತ್ತದೆ. ಹಾಲುಮೊಸರುಗಳಲ್ಲಿರುವ ಕೇಸಿನ್ ಅದನ್ನು ನಾಲಿಗೆಯಿಂದ ಬಿಡಿಸಿಕೊಂಡು ಹೋಗುತ್ತದೆ. ನೀರು ಕುಡಿದರೆ ಉರಿ ಬಾಯಿತುಂಬ ಹರಡುವುದಷ್ಟೇ ಲಾಭ. ರೊಟ್ಟಿಯ ಮೇಲೆ ರಂಜಕ ಬಡಿಸಿದವರು ಅದರ ನಡುವೆ ಕುಳಿ ಮಾಡಿ ಎಣ್ಣೆಯನ್ನೋ ಬೆಣ್ಣೆಯನ್ನೋ ಹಾಕುವುದು ಬರಿಯ ಉಪಚಾರಕ್ಕಲ್ಲ.

ಆ ಸೀಸೆಯ ಚೀಟಿಯನ್ನು ನಾವು ಮನೆಗೆ ತಂದು ಓದಿದೆವು. ಟೊಮೆಟೊ, ವಿನಿಗರ್, ಕಾಕಂಬಿ, ಸಕ್ಕರೆ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಸಾಸಿವೆ, ಮೆಣಸು, ಹೊಗೆಯ ಸಾರ. ಕಾಕಂಬಿಯೆಂಬ ಮಾತು ಕಂಡು ಮನೆಯಲ್ಲಿ ಕೆಲವರು ಮುಖ ಸಿಂಡರಿಸಿದರು. ಸಕ್ಕರೆ ಕಾರ್ಖಾನೆಗಳ ನಡುವೆ ಬಾಳುವ ನಮಗೆ ಕಾಕಂಬಿಯೆಂದರೆ ಟ್ಯಾಂಕರಿನಲ್ಲಿ ತುಂಬಿ ಮದ್ಯಸಾರದ ಭಟ್ಟಿಗೆ ಹೋಗುವ ಕಪ್ಪು ದ್ರವ. ಅಲ್ಲಿಯವರು ಅದರ ತಿನ್ನಲು ಯೋಗ್ಯವಾದ ಜಾತಿಯನ್ನು ಅಡುಗೆಗೆ ಬಳಸುತ್ತಾರೆ. ನಮ್ಮಲ್ಲಿ ಆ ಕೆಲಸಕ್ಕೆ ಗಾಣದ ಮನೆಯ ಕಾಕವಿ ಇದೆ. ಬೆಲ್ಲಕ್ಕೆ ಪಾಕ ಬರುವ ಮೊದಲೇ ಕೊಪ್ಪರಿಗೆಯಿಂದ ಇಳಿಸಿದ ಆ ಜೇನುಬಣ್ಣದ ರಸಕ್ಕೂ ಕಾರ್ಖಾನೆಯ ಕಾಕಂಬಿಗೂ ಹೆಸರಿನಲ್ಲಿ ಒಂದಕ್ಷರದ ಅಂತರವಿದ್ದಂತೆ ತೋರಿದರೂ ರುಚಿಯಲ್ಲಿ ಬಹಳ ಅಂತರವಿದೆ.

ಬಾರ್ಬೆಕ್ಯೂ ಎಂಬ ಹೆಸರೇ ಅಮೆರಿಕೆಯ ಮೂಲನಿವಾಸಿಗಳದು. ಕೆರಿಬಿಯನ್ ದ್ವೀಪಗಳ ತೈನೋ ಜನರು ಬೆಂಕಿಯ ಮೇಲೆ ಕಟ್ಟಿಗೆಯ ಅಟ್ಟ ಕಟ್ಟಿ ಮೀನು ಮಾಂಸಗಳನ್ನು ಒಣಗಿಸಿ ಸುಡುತ್ತಿದ್ದರು. ಆ ಅಟ್ಟದ ಹೆಸರು ಸ್ಪೇನಿನವರ ಬಾಯಲ್ಲಿ ಬಾರ್ಬಕೋವಾ ಆಯಿತು. ಸಾಸುಗಳಲ್ಲಿಯೂ ಅಲ್ಲಿ ಸೀಮೆಗೊಂದು ಕ್ರಮ. ಉತ್ತರ ಕ್ಯಾರೊಲಿನಾದ ಮೂಡಣ ಭಾಗದವರು ಟೊಮೆಟೊ ಮುಟ್ಟದೆ ವಿನಿಗರಿಗೆ ಮೆಣಸಿನಕಾಯಿ ಬೆರೆಸುತ್ತಾರೆ. ದಕ್ಷಿಣ ಕ್ಯಾರೊಲಿನಾದಲ್ಲಿ ಸಾಸಿವೆಯ ಹಳದಿ ಸಾಸು. ಕ್ಯಾನ್ಸಸ್ ಸಿಟಿಯಲ್ಲಿ ಟೊಮೆಟೊ ಕಾಕಂಬಿಗಳ ದಪ್ಪ ಸಿಹಿ ಸಾಸು. ಅಲಬಾಮಾದಲ್ಲಿ ಬಿಳಿಯದೂ ಉಂಟಂತೆ. ಒಬ್ಬರದು ಇನ್ನೊಬ್ಬರಿಗೆ ಸೇರದು. ನಮ್ಮಲ್ಲಿ ಎರಡು ಹರದಾರಿ ನಡೆದರೆ ರಂಜಕದಲ್ಲಿ ಲಿಂಬೆ ಹೋಗಿ ಹುಣಸೆ ಬರುವುದು, ಮೆಂತ್ಯ ಹೋಗಿ ಬೆಳ್ಳುಳ್ಳಿ ಬರುವುದು ನೆನಪಾಗಿ ಆ ಜನರ ಮೇಲೆ ನಮಗೆ ಅಕ್ಕರೆಯೇ ಹುಟ್ಟಿತು.

ಕೆಂಡದ ಮೇಲೆ ಸುಟ್ಟು ಉಣ್ಣುವುದನ್ನು ನಾವು ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ಈ ಮಿರಜು ಶಾಸನಗಳಲ್ಲಿ ಮಿರಿಂಜೆಯೆಂದು ಹೆಸರಾಗಿ ಮೂರು ಸಾಸಿರ ಹಳ್ಳಿಗಳ ನಾಡಿಗೆ ತಲೆಯೂರಾಗಿದ್ದ ಕಾಲದಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಾಂಸವನ್ನು ಶೂಲಕ್ಕೆ ಪೋಣಿಸಿ ಕೆಂಡದಲ್ಲಿ ಸುಡುವ ಕ್ರಮವಿದೆ. ಶಾಕಾಹಾರಿಗಳಿಗೆ ಬೇಕಾದರೆ ಜೈನ ಕವಿ ಮೂರನೆಯ ಮಂಗರಸನ ಸೂಪಶಾಸ್ತ್ರವಿದೆ. 16ನೆಯ ಶತಮಾನದ ಆದಿಯ ಆ ಕನ್ನಡ ಪಾಕಗ್ರಂಥದಲ್ಲಿ ಬದನೆಕಾಯಿಯ ಅಡುಗೆಗೇ ಒಂದು ಅಧ್ಯಾಯ ಮೀಸಲು. ಇವುಗಳಲ್ಲಿ ಎಲ್ಲಿಯೂ ಮೆಣಸಿನಕಾಯಿ ಸಿಕ್ಕದು. ಆಗ ಖಾರವೆಂದರೆ ಕರಿಮೆಣಸು, ಶುಂಠಿ, ಸಾಸಿವೆ. ಮೆಣಸಿನಕಾಯಿ ಅದೇ 16ನೆಯ ಶತಮಾನದಲ್ಲಿ ಪೋರ್ತುಗೀಜರ ಹಡಗುಗಳಲ್ಲಿ ಅಮೆರಿಕೆಯ ಕಡೆಯಿಂದ ಬಂದ ಅತಿಥಿ. ಬಾರ್ಬೆಕ್ಯೂ ಹುಟ್ಟಿದ ದಿಕ್ಕಿನಿಂದಲೇ ನಮ್ಮ ರಂಜಕದ ಜೀವವೂ ಬಂದಿತೆಂದು ಹೇಳಿದಾಗ ದೊಡ್ಡವ್ವನವರು ನಂಬಲಿಲ್ಲ. ಸಂಕೇಶ್ವರದ ಮೆಣಸಿನಕಾಯಿ ಸಂಕೇಶ್ವರದ್ದೇ ಎಂಬುದು ಅವರ ವಾದ.

ಇನ್ನು ನಮ್ಮ ಮನೆಯ ಕಥೆ. ರಂಜಕ ಹಾಕುವುದು ಐವತ್ತು ಅರವತ್ತು ವರ್ಷಗಳಿಂದ ದೊಡ್ಡವ್ವನವರ ಕೈಯ ಕೆಲಸ. ಎರಡು ವರ್ಷಗಳ ಹಿಂದೆ ಅವರು ಅಂಗಳದಲ್ಲಿ ಜಾರಿ ಮುಂಗೈ ಉಳುಕಿಸಿಕೊಂಡಾಗ ಆ ಭಾರ ಸೊಸೆಯ ಮೇಲೆ ಬಿತ್ತು. ಮನೆಯಲ್ಲಿ ಇಬ್ಬರಿಗೆ ರಕ್ತದೊತ್ತಡ. ಉಪ್ಪು ಕಡಿಮೆ ಮಾಡಿರೆಂದು ವೈದ್ಯರ ಕಟ್ಟಪ್ಪಣೆ. ಸೊಸೆ ಓದಿದವಳು, ಮನೆಯವರ ಹಿತ ಬಯಸುವವಳು. ಅವಳು ಉಪ್ಪನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದಳು. ಹುಳಿ ಹೆಚ್ಚಾಗುವುದೆಂದು ಲಿಂಬೆಯನ್ನೂ ಅರ್ಧ ಮಾಡಿದಳು. ಬಣ್ಣ ಸೊಗಸಾಗಿ ಬಂದಿತು, ಎಲ್ಲರೂ ಮೆಚ್ಚಿದರು. ಮೂರನೆಯ ವಾರ ಭರಣಿಯ ಬಟ್ಟೆ ಬಿಚ್ಚಿದಾಗ ಮೇಲೆ ಬೂದಿಬಣ್ಣದ ಬೂಷ್ಟು ಹಬ್ಬಿತ್ತು. ಎರಡು ಕಿಲೋ ಮೆಣಸಿನಕಾಯಿಯ ರಂಜಕ ಗೊಬ್ಬರದ ಕುಳಿಗೆ ಹೋಯಿತು. ಮೇಲಿನದನ್ನು ತೆಗೆದು ಕೆಳಗಿನದನ್ನು ಉಳಿಸೋಣವೆಂದು ನಾವೊಬ್ಬರು ಹೇಳಿದೆವು. ಅದು ನಮ್ಮ ಅವಿವೇಕ. ಬೂಷ್ಟಿನ ಬೇರು ಕಣ್ಣಿಗೆ ಕಾಣದಷ್ಟು ಆಳಕ್ಕೆ ಇಳಿದಿರುತ್ತದೆ. ಅದು ಹುಳಿಯನ್ನು ತಿಂದು ತಗ್ಗಿಸಿ ಬೇರೆ ಕೇಡಿಗೂ ಎಡೆಮಾಡಿಕೊಡುತ್ತದೆ. ಹಾಗೆ ಕೆಟ್ಟುದನ್ನು ಚೆಲ್ಲುವುದೊಂದೇ ದಾರಿ.

ಸೊಸೆ ಅಳುಮುಖ ಮಾಡಿದಳು. ದೊಡ್ಡವ್ವನವರು ಬೈಯಲಿಲ್ಲ. “ಉಪ್ಪು ರುಚಿಗೆ ಅಂತ ತಿಳಕೊಂಡಿಯೇನವ್ವಾ? ಅದು ಕಾವಲಿಗೆ ಇರತೈತಿ” ಎಂದಷ್ಟೇ ಹೇಳಿದರು. ಎಷ್ಟು ಕಾವಲು ಬೇಕೆಂದು ಕೇಳಿದರೆ ಬಂದ ಉತ್ತರ: “ಹಿಡಿ ತುಂಬ.” ಯಾರ ಹಿಡಿ? ಅದನ್ನು ಅವರು ಎಂದೂ ಯೋಚಿಸಿರಲಿಲ್ಲ. ಅವರ ಮನೆಯಲ್ಲಿ ರಂಜಕಕ್ಕೆ ಇದ್ದುದು ಒಂದೇ ಹಿಡಿ. ಆ ಹಿಡಿ ಇನ್ನೆಷ್ಟು ಚಳಿಗಾಲ ನಮಗೆ ಸಿಕ್ಕೀತೆಂಬ ಯೋಚನೆ ಅಂದು ಅಡುಗೆಮನೆಯಲ್ಲಿದ್ದ ಎಲ್ಲರಿಗೂ ಒಂದೇ ಸಲಕ್ಕೆ ಬಂದಿತೆಂದು ಕಾಣುತ್ತದೆ, ಯಾರೂ ಮಾತನಾಡಲಿಲ್ಲ.

ಆದುದರಿಂದ ಹೋದ ಚಳಿಗಾಲದಲ್ಲಿ ನಾವು ಒಂದು ಮಧ್ಯಾಹ್ನವೆಲ್ಲ ಪುಟ್ಟ ತಕ್ಕಡಿ ಇಟ್ಟುಕೊಂಡು ಅವರ ಮುಂದೆ ಕುಳಿತೆವು. ಉಪ್ಪಿನ ಡಬ್ಬಿಯನ್ನು ಅವರು ಕೈಹಾಕುವ ಮೊದಲು ತೂಗುವುದು, ಕೈ ತೆಗೆದ ಮೇಲೆ ತೂಗುವುದು, ಅಂತರವನ್ನು ಬರೆದುಕೊಳ್ಳುವುದು. ಮೊದಮೊದಲು ಅವರಿಗೆ ಸಿಟ್ಟು ಬಂದಿತು. “ನನ್ನ ಕೈ ತೂಗತೀರೇನು?” ಎಂದರು. ಆಮೇಲೆ ಅವರಿಗೇ ಮೋಜೆನಿಸಿ, ಪ್ರತಿ ಹಿಡಿಗೂ ಎಷ್ಟಾಯಿತೆಂದು ಕೇಳತೊಡಗಿದರು. ಬೇರೆ ಬೇರೆಯಾಗಿ ಹಾಕಿದ ಮೂರು ಹಿಡಿ ಉಪ್ಪಿನ ತೂಕಗಳಲ್ಲಿ ಕಂಡುಬಂದ ಅಂತರ ನಾಲ್ಕು ಗ್ರಾಂ ಮಾತ್ರ. ನಮ್ಮ ತಕ್ಕಡಿಯ ಮೇಲೆ ನಮಗೆ ನಂಬಿಕೆ ಬಂದದ್ದು ಆಗಲೇ.

ಅಂದು ಪುಸ್ತಕಕ್ಕೆ ಇಳಿದ ಲೆಕ್ಕವನ್ನು ವಾಚಕರ ಮುಂದಿಡುತ್ತೇವೆ. ತೊಟ್ಟು ಬಿಡಿಸಿದ ಹಣ್ಣು ಮೆಣಸಿನಕಾಯಿ 1 ಕಿಲೋ. ಅದರಲ್ಲಿ ಮುಕ್ಕಾಲು ಪಾಲು ಬ್ಯಾಡಗಿ ಜಾತಿಯದು, ಕಾಲು ಪಾಲು ಸಂಕೇಶ್ವರಿ. ಹರಳುಪ್ಪು 150 ಗ್ರಾಂ, ಲಿಂಬೆಯ ರಸ 200 ಮಿಲಿಲೀಟರು, ಬೆಲ್ಲ 100 ಗ್ರಾಂ, ಹುರಿದು ಪುಡಿಮಾಡಿದ ಮೆಂತ್ಯ 20 ಗ್ರಾಂ, ಅರಿಶಿಣಪುಡಿ 10 ಗ್ರಾಂ, ಇಂಗು 5 ಗ್ರಾಂ. ಲಿಂಬೆಹಣ್ಣುಗಳನ್ನು ಎಣಿಸಿ ಹೇಳದೆ ರಸವನ್ನು ಅಳೆದು ಹೇಳಿದ್ದೇಕೆಂಬುದು ಮುಂದೆ ತಿಳಿಯುತ್ತದೆ.

ಮೆಣಸಿನಕಾಯಿಯನ್ನು ತೊಟ್ಟು ಇರುವಾಗಲೇ ತೊಳೆಯಬೇಕು. ತೊಟ್ಟು ಕಿತ್ತು ತೊಳೆದರೆ ನೀರು ಒಳಗೆ ಸೇರುತ್ತದೆ. ಕೇಡಿನ ಮೂಲ ಅಲ್ಲಿಯೇ. ತೊಳೆದುದನ್ನು ಬಟ್ಟೆಯಿಂದ ಒರೆಸಿ ಒಂದು ರಾತ್ರಿ ನೆರಳಿನಲ್ಲಿ ಹರವಿ, ತೊಟ್ಟು ಬಿಡಿಸಿ, ಉಪ್ಪಿನೊಡನೆ ದರದರ ಅರೆಯುವುದು. ಒರಳಾದರೆ ಲೇಸು, ಮಿಕ್ಸರ್ ಆದರೆ ತಡೆತಡೆದು ತಿರುಗಿಸಿ, ಬಿಸಿಯಾಗಗೊಡಬಾರದು. ನೀರನ್ನಂತೂ ಒಂದು ಹನಿಯೂ ತೋರಿಸಲಾಗದು. ಇದನ್ನು ಚೀನಿಮಣ್ಣಿನ ಭರಣಿಗೆ ತುಂಬಿ ಮೂರು ದಿನ ಇಟ್ಟು, ದಿನಕ್ಕೊಮ್ಮೆ ಒಣಗಿದ ಕಟ್ಟಿಗೆಯ ಸೌಟಿನಿಂದ ಮಗುಚಬೇಕು. ಆಗ ಉಪ್ಪನ್ನು ತಾಳಬಲ್ಲ ಜೀವಾಣುಗಳು ಒಳಗೊಳಗೇ ಸ್ವಲ್ಪ ಹುಳಿ ಹುಟ್ಟಿಸುತ್ತವೆ, ಹಸಿ ವಾಸನೆ ಇಳಿಯುತ್ತದೆ. ನಾಲ್ಕನೆಯ ದಿನ ಉಳಿದವುಗಳನ್ನೆಲ್ಲ ಕೂಡಿಸಿ ಮತ್ತೊಮ್ಮೆ ಅರೆದು, ಅದುಮಿ ತುಂಬಿ, ಬಟ್ಟೆ ಕಟ್ಟುವುದು. ಹದಿನೈದು ದಿನ ಬಿಟ್ಟು ಉಂಡರೆ ಅದರ ನಿಜವಾದ ರುಚಿ ತಿಳಿಯುತ್ತದೆ.

ಬೆಳ್ಳುಳ್ಳಿ ಹಾಕುವ ಮನೆಗಳು ಬಹಳ. ಹಾಕಬಹುದು, ಆದರೆ ಒಂದು ಎಚ್ಚರಿಕೆ ಇದೆ. ಹುಳಿಯಿಲ್ಲದೆ ಬರಿ ಎಣ್ಣೆಯಲ್ಲಿ ಹಸಿ ಬೆಳ್ಳುಳ್ಳಿ ಮುಳುಗಿಸಿ ಹೊರಗಿಡುವ ಪದ್ಧತಿ ಈಗೀಗ ಕಾಣುತ್ತಿದೆ. ಗಾಳಿಯಿಲ್ಲದ, ಹುಳಿಯಿಲ್ಲದ ಅಂಥ ಜಾಗದಲ್ಲಿ ಬಾಟ್ಯುಲಿಸಮ್ ಎಂಬ ಪ್ರಾಣಾಂತಿಕ ರೋಗಕ್ಕೆ ಕಾರಣವಾದ ವಿಷವನ್ನು ಹುಟ್ಟಿಸುವ ಜೀವಾಣು ಬೆಳೆಯಬಲ್ಲುದು. ಕಣ್ಣಿಗಾಗಲಿ ಮೂಗಿಗಾಗಲಿ ಅದರ ಸುಳಿವು ಸಿಕ್ಕದಿರಬಹುದು. ಅಂಥದನ್ನು ತಂಪುಪೆಟ್ಟಿಗೆಯಲ್ಲಿಟ್ಟು ಮೂರುನಾಲ್ಕು ದಿನಗಳಲ್ಲಿ ಮುಗಿಸುವುದು ಕ್ಷೇಮ.

ಉಪ್ಪಿನ ವಿಚಾರಕ್ಕೆ ಬರೋಣ, ಏಕೆಂದರೆ ವೈದ್ಯರ ಮಾತೂ ಸುಳ್ಳಲ್ಲ, ದೊಡ್ಡವ್ವನವರ ಮಾತೂ ಸುಳ್ಳಲ್ಲ. ಮೇಲಿನ ಲೆಕ್ಕದಲ್ಲಿ ಸಿದ್ಧವಾದ ರಂಜಕದ ನೂರು ಪಾಲಿನಲ್ಲಿ ಸುಮಾರು ಹತ್ತು ಪಾಲು ಉಪ್ಪು. ಒಂದು ಚಿಕ್ಕ ಚಮಚ, ಅಂದರೆ 6 ಗ್ರಾಂ ರಂಜಕ ಉಂಡರೆ ಹೊಟ್ಟೆಗೆ ಹೋಗುವ ಉಪ್ಪು 0.6 ಗ್ರಾಂ. ದೊಡ್ಡವರಿಗೆ ದಿನವೊಂದಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೀಗೆ ಒಂದು ಚಮಚ ರಂಜಕ ಆ ಮಿತಿಯ ಎಂಟನೆಯ ಒಂದು ಪಾಲು. ನಮ್ಮಲ್ಲಿ ಒಬ್ಬೊಬ್ಬರು ಒಂದು ಊಟಕ್ಕೆ ಮೂರು ಚಮಚ ಮುಗಿಸುವುದುಂಟು. ಕೇಡು ಇರುವುದು ಅಲ್ಲಿ. ಭರಣಿಯಲ್ಲಿ ಕಡಿಮೆ ಮಾಡುವ ಬದಲು ತಾಟಿನಲ್ಲಿ ಕಡಿಮೆ ಮಾಡಬೇಕೆಂದು ನಾವು ಸೊಸೆಗೆ ಹೇಳಿದೆವು. ಅವಳು ಇನ್ನೂ ಒಳ್ಳೆಯ ಉಪಾಯ ಕಂಡುಕೊಂಡಳು. ರಕ್ತದೊತ್ತಡದವರಿಗಾಗಿ ಕಾಲು ಕಿಲೋದಷ್ಟು ಮಾತ್ರ ಅರ್ಧ ಉಪ್ಪಿನಲ್ಲಿ ಬೇರೆ ಮಾಡಿ, ಲಿಂಬೆಯನ್ನು ಕಡಿಮೆ ಮಾಡದೆ, ತಂಪುಪೆಟ್ಟಿಗೆಯಲ್ಲಿಟ್ಟು ಎರಡು ವಾರದೊಳಗೆ ತೀರಿಸುತ್ತಾಳೆ. ಅಲ್ಲಿ ಕಾವಲಿಗೆ ಚಳಿ ಇದೆ. ದೊಡ್ಡವ್ವನವರು ಇದನ್ನು ಒಪ್ಪಿದರೂ ಅದನ್ನು ರಂಜಕವೆಂದು ಕರೆಯರು, “ಔಷಧ” ಎನ್ನುತ್ತಾರೆ.

ಬಣ್ಣದ ಮಾತು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರಿನ, ಒಣಗಿದಾಗ ಸುಕ್ಕುಗಟ್ಟುವ ಆ ಮೆಣಸಿನಕಾಯಿಗೆ ಖಾರ ಕಡಿಮೆ, ಕೆಂಪು ಹೆಚ್ಚು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಅದರಿಂದ ತೆಗೆದ ಕೆಂಪು ಸಾರವು ಆಹಾರಗಳಿಗೂ ತುಟಿಯ ಬಣ್ಣಗಳಿಗೂ ನೈಸರ್ಗಿಕ ವರ್ಣವಾಗಿ ದೇಶಾಂತರ ಹೋಗುತ್ತದೆ. ಪರದೇಶದ ಕೆಂಪು ಸಾಸಿನ ಸೀಸೆಗಳಲ್ಲಿ ಎಷ್ಟರಲ್ಲಿ ನಮ್ಮ ಬ್ಯಾಡಗಿ ಕುಳಿತಿದೆಯೋ ಬಲ್ಲವರಾರು! ಒಳ್ಳೆಯ ಹೆಸರಿನ ಜೊತೆಗೆ ಕೆಟ್ಟ ಹೆಸರೂ ಹೋದದ್ದುಂಟು. ಬಟ್ಟೆ, ಮೇಣಗಳಿಗೆ ಹಾಕುವ ಸುಡಾನ್ ಎಂಬ ಬಣ್ಣ ಬೆರೆತ ಮೆಣಸಿನಪುಡಿ ನಮ್ಮ ದೇಶದಿಂದ ಹೋಗಿ ಒಂದು ಸಾಸಿನೊಳಗೆ ಸೇರಿ, ಆ ಸಾಸು ನೂರಾರು ಸಿದ್ಧ ತಿನಿಸುಗಳಲ್ಲಿ ಸೇರಿ, 2005ರಲ್ಲಿ ಬ್ರಿಟನ್ನಿನ ಅಂಗಡಿಗಳು ನಾನೂರಕ್ಕೂ ಹೆಚ್ಚು ಬಗೆಯ ಸರಕುಗಳನ್ನು ಹಿಂದಕ್ಕೆ ತೆಗೆಯಬೇಕಾಯಿತು. ಪುಡಿಯಲ್ಲಿ ಇಂಥ ಮೋಸ ಸುಲಭ. ಇಡಿಯ ಹಣ್ಣು ಮೆಣಸಿನಕಾಯಿ ತಂದು ಅರೆಯುವವರಿಗೆ ಈ ಅಂಜಿಕೆ ಇಲ್ಲ.

ಅರಿಶಿಣದ ವಿಚಾರವನ್ನು ಸಾಂಗಲಿಯವರಿಗೆ ಹೇಳುವುದು ಹೊಳೆಗೆ ನೀರು ಹೊತ್ತಂತೆ. ಅಥಣಿ, ರಾಯಬಾಗ, ಮುಧೋಳ, ಜಮಖಂಡಿಗಳ ರೈತರು ತಲೆಮಾರುಗಳಿಂದ ತಮ್ಮ ಅರಿಶಿಣವನ್ನು ತರುವುದು ಈ ಪೇಟೆಗೇ. ಗಡಿಯ ಗೆರೆ ಎಲ್ಲಿಯೇ ಹಾದುಹೋಗಿರಲಿ, ಅರಿಶಿಣದ ಬಂಡಿಗೆ ಅದು ಅಡ್ಡಬರಲಿಲ್ಲ. ಕೃಷ್ಣೆ ವಾರಣೆಯರು ಕೂಡುವ ಹರಿಪುರದಲ್ಲಿ ನೆಲದೊಳಗೆ ಆಳವಾದ ಪೇವುಗಳನ್ನು ತೋಡಿ, ಅರಿಶಿಣ ತುಂಬಿ, ಬಾಯಿ ಮುಚ್ಚಿ ವರ್ಷಗಟ್ಟಲೆ ಇಡುತ್ತಿದ್ದರು. ಔಷಧ ಸಿಂಪಡಿಸದೆ, ಹುಳು ಬೀಳದೆ ಸರಕು ಉಳಿಯುತ್ತಿತ್ತು. ನಮ್ಮ ಕಡೆ ಜೋಳಕ್ಕೆ ಹಗೇವು ಇದ್ದಂತೆಯೇ ಅದು. 2005ರ ಮಹಾಪೂರದಲ್ಲಿ ನೀರು ಹೊಕ್ಕು ಆ ಪೇವುಗಳಿಗೆ ಬಹಳ ಹಾನಿಯಾಯಿತು. ಸಾಂಗಲಿಯ ಅರಿಶಿಣಕ್ಕೆ 2018ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಬಂದಾಗ ಪೇಟೆಯಲ್ಲಿ ಸಂತೋಷವಾಯಿತು, ಹಳಬರು ಮಾತ್ರ ಪೇವುಗಳನ್ನು ನೆನೆದರು. ರಂಜಕಕ್ಕೆ ಅರಿಶಿಣ ಕೊಳ್ಳುವವರು ಹೊಳೆಯುವ ಹಳದಿಗೆ ಮರುಳಾಗದೆ ಕೊಂಬು ಕೊಂಡು ಕುಟ್ಟಿಸಿಕೊಳ್ಳಲಿ. ಸೀಸವುಳ್ಳ ಹಳದಿ ಬಣ್ಣವನ್ನು ಬೆರೆಸುವ ಪಾಪಿಗಳು ಇರುವ ಕಾಲವಿದು.

ನೈಸರ್ಗಿಕವೆಂಬ ಮಾತಿನ ಬೆಲೆಯೇನೆಂದು ಆ ಸೀಸೆ ಬಂದಂದಿನಿಂದ ನಾವು ಯೋಚಿಸುತ್ತಿದ್ದೇವೆ. ನಮ್ಮ ದೇಶದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ಜಾಹೀರಾತುಗಳ ಕುರಿತು ನಿಯಮಗಳನ್ನು ಹೊರಡಿಸಿ ಈ ಮಾತಿಗೂ ಕಟ್ಟು ಹಾಕಿದೆ. ಅದರ ಪ್ರಕಾರ ಏನೂ ಬೆರೆಸದ ಒಂಟಿ ಪದಾರ್ಥವನ್ನು ನೈಸರ್ಗಿಕವೆನ್ನಬಹುದು. ಹಲವನ್ನು ಕೂಡಿಸಿ ಮಾಡಿದ ಸಾಸಿನಂಥದನ್ನು ಹಾಗೆನ್ನಲಾಗದು, ನೈಸರ್ಗಿಕ ಪದಾರ್ಥಗಳಿಂದ ಮಾಡಿದುದೆಂದು ಬೇಕಾದರೆ ಹೇಳಬಹುದು. ಕೂದಲು ಸೀಳುವ ವಾದವೆಂದು ತೋರಬಹುದು. ಆದರೆ ನಮ್ಮೂರಿನ ಬೇದಾಣಿಯನ್ನೇ ನೋಡಿರಿ. 2016ರಲ್ಲಿ ಭೌಗೋಳಿಕ ಸೂಚಕ ಪಡೆದ ಸಾಂಗಲಿಯ ಒಣದ್ರಾಕ್ಷಿಗೆ ದೇಶದಲ್ಲೆಲ್ಲ ಹೆಸರು. ದ್ರಾಕ್ಷಿಯ ಗೊಂಚಲನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಕಲಸಿದ ನೀರಿನಲ್ಲಿ ಅದ್ದಿ, ಸಿಪ್ಪೆಯ ಮೇಲಿನ ಮೇಣವನ್ನು ಸಡಿಲಿಸಿ, ನೆರಳಿನ ಜಾಳಿಗೆಗಳ ಮೇಲೆ ಒಣಗಿಸುತ್ತಾರೆ. ಹೊಂಬಣ್ಣ ಬೇಕೆಂದರೆ ಗಂಧಕದ ಹೊಗೆ ಕೊಡುತ್ತಾರೆ. ಇದರಲ್ಲಿ ಬಚ್ಚಿಡುವುದೇನೂ ಇಲ್ಲ, ಬೆಳೆಗಾರನ ತಪ್ಪೂ ಇಲ್ಲ. ಬಂಗಾರದ ಬಣ್ಣ ಕೇಳಿದವರು ಕೊಳ್ಳುವ ನಾವೇ. ಆದರೆ ಗಂಧಕ ಕೊಟ್ಟ ಹಣ್ಣು ಉಬ್ಬಸದ ರೋಗಿಗಳಲ್ಲಿ ಕೆಲವರಿಗೆ ಆಗದೆಂಬುದನ್ನು ತಾಯಂದಿರು ತಿಳಿದಿರಬೇಕು. ರಂಜಕದ ಸಿಹಿಗೆ ಬೆಲ್ಲದ ಬದಲು ಬೇದಾಣಿ ಅರೆದು ಹಾಕುವವರು ಕಪ್ಪು ಬೇದಾಣಿಯನ್ನು ಆರಿಸಿಕೊಳ್ಳುವುದು ಒಳಿತು. ಬಣ್ಣ ತುಸು ಮಂಕಾಗುತ್ತದೆ, ರುಚಿ ಮಾತ್ರ ಬಾಯಿ ಬಿಟ್ಟು ಹೋಗದು.

ಬಳಕೆಯ ಬಗೆಗಳು ಅನೇಕ. ಎಲ್ಲವನ್ನೂ ಹೇಳುತ್ತ ಕುಳಿತರೆ ಸಂಪಾದಕರು ಕತ್ತರಿ ಎತ್ತಿಕೊಂಡಾರು. ಖಟಿ ರೊಟ್ಟಿಯೊಡನೆ ರಂಜಕ ಮತ್ತು ಶೇಂಗಾ ಎಣ್ಣೆ, ಬಿಸಿ ಅನ್ನದೊಡನೆ ರಂಜಕ ಮತ್ತು ತುಪ್ಪ, ಇವು ಎಲ್ಲರಿಗೂ ಗೊತ್ತಿರುವುವೇ. ಸಾಂಗಲಿಯ ಭಡಂಗಕ್ಕೆ ಒಗ್ಗರಣೆ ಕೊಡುವಾಗ ಎಣ್ಣೆಯಲ್ಲಿ ಅರ್ಧ ಚಮಚ ರಂಜಕವನ್ನು ನೀರಾರುವವರೆಗೆ ಹುರಿದು ಚುರುಮುರಿ ಹಾಕಿ ನೋಡಿರಿ. ಸುಡುವ ಪದಾರ್ಥಗಳಿಗೆ ಹಚ್ಚುವ ಕ್ರಮವನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. ಎರಡು ಚಮಚ ರಂಜಕ, ಒಂದು ಚಮಚ ಶೇಂಗಾ ಎಣ್ಣೆ, ಎರಡು ಚಮಚ ಗಟ್ಟಿ ಮೊಸರು ಕಲಸಿದರೆ ಬದನೆಕಾಯಿ, ಉಳ್ಳಾಗಡ್ಡಿ, ಗೋವಿನಜೋಳದ ತೆನೆ, ಪನೀರು ಎಲ್ಲಕ್ಕೂ ಹೊಂದುತ್ತದೆ. ಮಾಂಸ ಉಣ್ಣುವ ಮನೆಗಳಲ್ಲಿ ಇದನ್ನೇ ಹಚ್ಚಿ ಎರಡು ಮೂರು ತಾಸು ತಂಪಿನಲ್ಲಿಡುತ್ತಾರೆ. ಕಾಕವಿಯನ್ನು ಮೊದಲೇ ಬೆರೆಸಬಾರದು. ಸಕ್ಕರೆಯ ಅಂಶ ಕೆಂಡಕ್ಕೆ ಬೇಗನೆ ಕರಿಕಾಗಿ ಹೊರಗೆ ಸುಟ್ಟು ಒಳಗೆ ಹಸಿ ಉಳಿಯುತ್ತದೆ, ಕರಿಕು ಮೈಗೂ ಒಳ್ಳೆಯದಲ್ಲ. ಮುಕ್ಕಾಲು ಬೆಂದ ಮೇಲೆ ಕಾಕವಿ ಮತ್ತು ರಂಜಕ ಸಮಪಾಲು ಸೇರಿಸಿ ತೆಳ್ಳಗೆ ಸವರಿ, ಎರಡು ನಿಮಿಷ ಹೊರಳಿಸಿ ಇಳಿಸುವುದು. ಹೊಗೆಯ ಸಾರವನ್ನು ಸೀಸೆಯಲ್ಲಿ ಕೊಳ್ಳುವ ಗೊಡವೆ ನಮಗಿಲ್ಲ. ಪಾತ್ರೆಯ ನಡುವೆ ಬಟ್ಟಲಿಟ್ಟು, ಅದರಲ್ಲಿ ಒಂದು ಕೆಂಡವಿರಿಸಿ, ಮೇಲೆ ಅರ್ಧ ಚಮಚ ತುಪ್ಪ ಬಿಟ್ಟು ಮುಚ್ಚಳ ಮುಚ್ಚಿದರೆ ಐದು ನಿಮಿಷದಲ್ಲಿ ಹೊಲದ ಕುಳಿಯ ವಾಸನೆ ನಗರದ ಮೂರನೆಯ ಮಹಡಿಗೂ ಬರುತ್ತದೆ. ಕಿಟಕಿ ತೆರೆದಿಡುವುದನ್ನು ಮರೆಯಬೇಡಿರಿ.

ಆ ಅಮೆರಿಕೆಯ ಹುಡುಗನಿಗೆ ನಾವು ಈ ಲೆಕ್ಕವನ್ನೆಲ್ಲ ಬರೆದು ಕಳುಹಿಸಿದೆವು. ಅಲ್ಲಿ ಸಿಗುವ ಕೆಂಪು ಹಣ್ಣು ಮೆಣಸಿನಕಾಯಿಯಲ್ಲಿ ಮಾಡಿದನಂತೆ. ಸೀಸೆಯ ಸಾಸಿಗೆ ಒಂದು ಚಮಚ ಬೆರೆಸಿಕೊಂಡು ಜೋಳದ ತೆನೆಗೆ ಹಚ್ಚುತ್ತಾನಂತೆ. ದೊಡ್ಡವ್ವನವರಿಗೆ ಇದನ್ನು ಹೇಳಿದಾಗ, “ಹಂಗಾದರ ಆಕಿ ಮರತದ್ದನ್ನ ಇಂವಾ ಹಾಕಿದಾ ಅನ್ನು” ಎಂದು ನಕ್ಕರು.

ಈ ವರ್ಷ ಅವರು ಸೀತನಿಗೆ ಬರಲಿಲ್ಲ. ಮೊಣಕಾಲು ಹೊಲದ ಬದು ಹತ್ತಗೊಡುವುದಿಲ್ಲ. ರಂಜಕವನ್ನು ಸೊಸೆಯೊಬ್ಬಳೇ ಪುಸ್ತಕ ನೋಡಿ, ತೂಗಿ ತೂಗಿ ಹಾಕಿದಳು. ಭರಣಿಯಲ್ಲಿ ಒಂದು ತಿಂಗಳು ಕಳೆದರೂ ಬೂಷ್ಟಿನ ಸುಳಿವಿಲ್ಲ. ಹೊಲದಲ್ಲಿ ಉಂಡವರೆಲ್ಲ ಹೊಗಳಿದರು. ಸಂಜೆ ಸುಟ್ಟ ಕಾಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದು, ತಾಟಿನಲ್ಲಿ ಹಾಕಿ, ಪಕ್ಕದಲ್ಲಿ ರಂಜಕವಿಟ್ಟು ದೊಡ್ಡವ್ವನವರ ಮುಂದೆ ಹಿಡಿದಳು. ಅವರು ಮೊದಲಿನಂತೆಯೇ ಕಣ್ಣು ಮುಚ್ಚಿದರು. ನಾವೆಲ್ಲ ಸುತ್ತ ನಿಂತಿದ್ದೆವು.

“ಚಲೋ ಆಗೇ... ಲಿಂಬಿ ಎರಡು ಕಮ್ಮಿ ಬಿದ್ದಾವ.”

ಸೊಸೆ ಓಡಿ ಹೋಗಿ ಪುಸ್ತಕ ತಂದಳು. ಹೋದ ವರ್ಷದ ಬರಹದಲ್ಲಿ ಉಳಿದೆಲ್ಲದಕ್ಕೂ ಗ್ರಾಂ ಇತ್ತು. ಲಿಂಬೆಯ ಮುಂದೆ ಮಾತ್ರ ‘ಹಣ್ಣು 10’ ಎಂದಿತ್ತು. ಅಂದು ಅವನ್ನು ಹಿಂಡಿ ರಸ ಅಳೆದವರು ನಾವೇ, ಅಂಚಿನಲ್ಲಿ ಪೆನ್ಸಿಲಿನಿಂದ 200 ಎಂದು ಗೀಚಿ ಮರೆತವರೂ ನಾವೇ. ಈ ವರ್ಷದ ಲಿಂಬೆ ಸಣ್ಣದು. ಸೊಸೆ ಆ ಸಾಲನ್ನು ಹೊಡೆದುಹಾಕಿ ಶಾಯಿಯಲ್ಲಿ ತಿದ್ದಿ ಬರೆದು, ಮರುದಿನ ಬೆಳಿಗ್ಗೆ ಎರಡು ಲಿಂಬೆ ಹಿಂಡಿ ಭರಣಿಯನ್ನು ಮಗುಚಿದಳು.